ಮಾಲ್ಟಾದಲ್ಲಿ ಮನೆ: ಕಂದಾಯ, ಕರೆಂಟ್ ಬಿಲ್, ಕರಾರು

ಪ್ರಶ್ನೆ: ಮಾಲ್ಟಾದಲ್ಲಿ ನರ್ಸ್ ಆಗಿದ್ದೇನೆ. ಚಿಕ್ಕ ಫ್ಲ್ಯಾಟ್‌ನಲ್ಲಿ ಒಬ್ಬಳೇ ಇರುವುದು. ತಿಂಗಳಿಗೆ 150 ಯೂನಿಟ್ ದಾಟುವುದಿಲ್ಲ. ಆದರೂ ಕರೆಂಟ್ ಬಿಲ್ ಪಕ್ಕದ ಮನೆಯವರಿಗಿಂತ ಹೆಚ್ಚು ಬರುತ್ತಿದೆ. ಏಕೆ?

ಉತ್ತರ: ಬಿಲ್ಲಿನಲ್ಲಿ ದರದ ವರ್ಗ ಯಾವುದೆಂದು ಮೊದಲು ನೋಡಿ. ಮಾಲ್ಟಾದಲ್ಲಿ ಮನೆಗಳಿಗೆ ಎರಡು ವರ್ಗಗಳಿವೆ. ಜನ ಕಾಯಂ ವಾಸವಿರುವ ಮನೆಗೆ ‘ರೆಸಿಡೆನ್ಷಿಯಲ್’, ಯಾರೂ ವಾಸವಿಲ್ಲವೆಂದು ದಾಖಲಾಗಿರುವ ಮನೆಗೆ ‘ಡೊಮೆಸ್ಟಿಕ್’. ಹೆಚ್ಚಿನ ದರ ಎರಡನೆಯದಕ್ಕೆ. ಖಾತೆ ಮಾಲೀಕರ ಹೆಸರಿನಲ್ಲೇ ಉಳಿದು, ಬಾಡಿಗೆದಾರರ ಹೆಸರು ಸೇರಿಸದಿದ್ದರೆ ನಿಮಗೆ ಈ ಎರಡನೆಯ ದರವೇ ಬೀಳುತ್ತದೆ.

ಲೆಕ್ಕ ಹೀಗಿದೆ. ವರ್ಷಕ್ಕೆ 1,800 ಯೂನಿಟ್ ಎಂದುಕೊಳ್ಳಿ. ರೆಸಿಡೆನ್ಷಿಯಲ್‌ನಲ್ಲಿ ಮೊದಲ 2,000 ಯೂನಿಟ್‌ಗೆ ತಲಾ 10.47 ಸೆಂಟ್, ಒಟ್ಟು 188 ಯೂರೊ. ಒಬ್ಬರೇ ಇದ್ದು 2,000 ಯೂನಿಟ್ ಮೀರದಿದ್ದರೆ ಶೇ. 25 ಇಕೊ ರಿಯಾಯಿತಿ ಸಿಗುತ್ತದೆ. ಉಳಿಯುವುದು 141 ಯೂರೊ. ಡೊಮೆಸ್ಟಿಕ್‌ನಲ್ಲಿ ಅಷ್ಟೇ ಯೂನಿಟ್‌ಗೆ ತಲಾ 13.65 ಸೆಂಟ್‌ನಂತೆ 246 ಯೂರೊ. ರಿಯಾಯಿತಿ ಇಲ್ಲವೇ ಇಲ್ಲ. ವ್ಯಾಟ್ ಮತ್ತು ಮೀಟರ್ ಶುಲ್ಕ ಬೇರೆ. ಸ್ಲ್ಯಾಬನ್ನು ದಿನದ ಲೆಕ್ಕಕ್ಕೆ ಭಾಗಿಸುವುದರಿಂದ 60 ದಿನದ ಬಿಲ್‌ನಲ್ಲಿ ಮೊದಲ ಸ್ಲ್ಯಾಬ್ 329 ಯೂನಿಟ್‌ಗೇ ಮುಗಿಯುತ್ತದೆ. ಜುಲೈ-ಆಗಸ್ಟ್‌ನಲ್ಲಿ ಎಸಿ ಹಾಕಿದವರಿಗೆ ಇದರ ಬಿಸಿ ತಟ್ಟುತ್ತದೆ.

ನೀರೂ ತಲೆಲೆಕ್ಕದ್ದೇ. ರೆಸಿಡೆನ್ಷಿಯಲ್ ಮನೆಯಲ್ಲಿ ನೋಂದಾಯಿಸಿದ ಒಬ್ಬೊಬ್ಬರಿಗೂ ವರ್ಷಕ್ಕೆ 33 ಘನ ಮೀಟರ್, ಅಂದರೆ ದಿನಕ್ಕೆ ಸುಮಾರು 90 ಲೀಟರ್, ಕಡಿಮೆ ದರದಲ್ಲಿ; ಘನ ಮೀಟರ್‌ಗೆ ಹೆಚ್ಚುಕಡಿಮೆ 1.40 ಯೂರೊ. ಅದನ್ನು ದಾಟಿದರೆ ಐದು ಯೂರೊಗೂ ಮೇಲೆ. ನಾಲ್ವರಿರುವ ಮನೆಯಲ್ಲಿ ಒಬ್ಬರ ಹೆಸರಷ್ಟೇ ಇದ್ದರೆ ಉಳಿದ ಮೂವರ ನೀರೆಲ್ಲ ದುಬಾರಿ ದರಕ್ಕೆ ಹೋಗುತ್ತದೆ.

ಬಿಲ್ ಕಳಿಸುವ ಎಆರ್‌ಎಂಎಸ್ ಸಂಸ್ಥೆಯ ಫಾರ್ಮ್ ತುಂಬಿ, ವಾಸವಿರುವ ಪ್ರತಿಯೊಬ್ಬರ ಗುರುತಿನ ಕಾರ್ಡ್ ಸಂಖ್ಯೆ ಕೊಟ್ಟು ನೋಂದಾಯಿಸಿ. ಇದನ್ನು ಕೀಲಿಕೈ ಪಡೆದ ವಾರವೇ ಮಾಡಿ. ಮಾಲೀಕರು ಒಳಮೀಟರ್ ಇಟ್ಟು ಯೂನಿಟ್‌ಗೆ ತಮಗೆ ತೋಚಿದ ದರ ಹೇಳುತ್ತಿದ್ದರೆ ಎಆರ್‌ಎಂಎಸ್‌ನ ಮೂಲ ಬಿಲ್ ತೋರಿಸಲು ಕೇಳಿ.

ಪ್ರಶ್ನೆ: ಒಂದು ವರ್ಷದ ಬಾಡಿಗೆ ಕರಾರು ಮಾಡಿಕೊಂಡೆವು. ಕೆಲಸ ಬದಲಾದರೆ ನಡುವೆ ಬಿಡಬಹುದೇ?

ಉತ್ತರ: ಬಿಡಬಹುದು. 2020ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಎರಡು ವರ್ಷಕ್ಕಿಂತ ಕಡಿಮೆ ಅವಧಿಯ ಕರಾರಿನಲ್ಲಿ ಆರು ತಿಂಗಳು ಕಳೆದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಬಾಡಿಗೆ ಏರಿಕೆ ವರ್ಷಕ್ಕೆ ಶೇ. 5 ಮೀರುವಂತಿಲ್ಲ. ಆದರೆ ಕರಾರು ಹೌಸಿಂಗ್ ಅಥಾರಿಟಿಯಲ್ಲಿ ನೋಂದಣಿಯಾಗಿರಬೇಕು. ಆಗದಿದ್ದರೆ ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಮಾಲೀಕರು ಮಾಡಿಸದಿದ್ದರೆ ನೀವೇ ಮಾಡಿಸಲು ಅವಕಾಶವಿದೆ.

ಪ್ರಶ್ನೆ: ಮಾಲ್ಟಾದಲ್ಲಿ ಮನೆಗೆ ಕಂದಾಯವೇ ಇಲ್ಲವಂತೆ, ನಿಜವೇ? ಮೂರು ಲಕ್ಷ ಯೂರೊ ಫ್ಲ್ಯಾಟ್ ನೋಡಿದ್ದೇವೆ.

ಉತ್ತರ: ವರ್ಷ ವರ್ಷ ಕಟ್ಟುವ ಮನೆ ಕಂದಾಯ ಇಲ್ಲ, ನಿಜ. ತೆರಿಗೆ ಬೀಳುವುದು ಕೊಳ್ಳುವಾಗ, ಮಾರುವಾಗ, ಬಾಡಿಗೆಗೆ ಕೊಟ್ಟಾಗ.

ಮುದ್ರಾಂಕ ಶುಲ್ಕ ಶೇ. 5. ನಿಮಗೆ 15,000 ಯೂರೊ. ಮೊದಲು ‘ಕೊನ್ವೆನ್ಯು’ ಎಂಬ ಕರಾರುಪತ್ರಕ್ಕೆ ಸಹಿ. ಆಗ ಶೇ. 1, ಅಂದರೆ 3,000, ಕಟ್ಟಿ 21 ದಿನದೊಳಗೆ ನೋಂದಾಯಿಸಬೇಕು. ಉಳಿದ 12,000 ಕ್ರಯಪತ್ರದ ದಿನ. ಮುಂಗಡ ಸಾಮಾನ್ಯವಾಗಿ ಶೇ. 10, ನೋಟರಿಯ ಬಳಿ ಇರುತ್ತದೆ. ಕಾನೂನು ಒಪ್ಪುವ ಕಾರಣವಿಲ್ಲದೆ ಹಿಂದೆ ಸರಿದರೆ ಆ 30,000 ಯೂರೊ ಹೋಯಿತೆಂದೇ ಲೆಕ್ಕ. ಆದ್ದರಿಂದ ಬ್ಯಾಂಕ್ ಸಾಲ ಮತ್ತು ಎಐಪಿ (ವಿದೇಶಿಯರು ಅಲ್ಲಿ ಸ್ಥಿರಾಸ್ತಿ ಕೊಳ್ಳಲು ಪಡೆಯುವ) ಪರವಾನಗಿ ಸಿಕ್ಕರೆ ಮಾತ್ರ ಖರೀದಿ ಎಂಬ ಷರತ್ತನ್ನು ಕೊನ್ವೆನ್ಯುವಿನಲ್ಲೇ ಬರೆಸಿ. ಇದೊಂದರಲ್ಲಿ ಸಂಕೋಚ ಬೇಡ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಎಐಪಿ ಪರವಾನಗಿ ಬೇಕೇ ಬೇಕು. ಅದರಡಿ ಒಂದೇ ಮನೆ, ಸ್ವಂತ ವಾಸಕ್ಕೆ. ಬಾಡಿಗೆಗೆ ಕೊಟ್ಟು ಸಂಪಾದಿಸುವ ಲೆಕ್ಕ ಹಾಕಬೇಡಿ. ಕನಿಷ್ಠ ಬೆಲೆಯ ಮಿತಿಯೂ ಇದೆ, ವರ್ಷವರ್ಷವೂ ಬದಲಾಗುತ್ತದೆ. ನಿಮ್ಮ ಫ್ಲ್ಯಾಟ್ ಬೆಲೆ ಆ ಮಿತಿಯನ್ನು ಮುಟ್ಟುತ್ತದೆಯೇ ಎಂದು ನೋಟರಿಯಿಂದ ಮೊದಲೇ ತಿಳಿದುಕೊಳ್ಳಿ. ಪೋರ್ಟೊಮಾಸೊ, ಟಿನ್ಯೆ ಪಾಯಿಂಟ್‌ನಂಥ ವಿಶೇಷ ಪ್ರದೇಶಗಳಿಗೆ ಎಐಪಿ ಬೇಡ, ಬಾಡಿಗೆಗೂ ಕೊಡಬಹುದು. ಅಲ್ಲಿ ಬೆಲೆಯೂ ನಿರ್ವಹಣೆ ಶುಲ್ಕವೂ ಜಾಸ್ತಿ. ಬಾಡಿಗೆ ಬಂದರೆ ಖರ್ಚು ಕಳೆಯದೆ ಪೂರ್ತಿ ಮೊತ್ತದ ಮೇಲೆ ಶೇ. 15 ಕಟ್ಟಿ ಮುಗಿಸುವ ದಾರಿಯಿದೆ. ಮುಂದೆ ಮಾರಿದರೆ ಸಾಮಾನ್ಯವಾಗಿ ಮಾರಾಟ ಬೆಲೆಯ ಶೇ. 8. ಅದು ಲಾಭದ ಮೇಲಲ್ಲ ಎಂಬುದು ನೆನಪಿರಲಿ.

ನೋಟರಿ ನೋಡುವುದು ಹಕ್ಕುಪತ್ರ ಮತ್ತು ಋಣಭಾರವನ್ನು. ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆಯೇ ಎಂದು ನೋಡಲು ‘ಪೆರಿಟ್’ ಎನ್ನುವ ಅಲ್ಲಿನ ಆರ್ಕಿಟೆಕ್ಟ್ ಬೇಕು. ಬಾಲ್ಕನಿ ಮುಚ್ಚಿ ಕೋಣೆ ಮಾಡಿದ್ದರೆ ಬ್ಯಾಂಕ್ ಸಾಲ ಅಲ್ಲಿಗೇ ನಿಲ್ಲಬಹುದು. ಮೇಲಿನ ಮಹಡಿ ಕೊಳ್ಳುವವರು ‘ಏರ್‌ಸ್ಪೇಸ್’, ಅಂದರೆ ಚಾವಣಿಯ ಮೇಲೆ ಕಟ್ಟುವ ಹಕ್ಕು, ಯಾರದೆಂದು ಕೇಳಲೇಬೇಕು. ನಿಮ್ಮದಲ್ಲದಿದ್ದರೆ ನಾಳೆ ತಲೆಯ ಮೇಲೆ ಇನ್ನೊಂದು ಮಹಡಿ ಏಳುತ್ತದೆ.

ಪ್ರಶ್ನೆ: ಮನೆ ಪತ್ರದಲ್ಲಿ ‘ಚೆನ್ಸ್’ ಎಂದಿದೆ, ಏನದು?

ಉತ್ತರ: ಮಂಗಳೂರು ಕಡೆಯ ಮೂಲಗೇಣಿಯಂತೆ ನೆಲದ ಮೂಲ ಒಡೆಯನಿಗೆ ವರ್ಷಕ್ಕೊಮ್ಮೆ ಕೊಡುವ ಗೇಣಿ. ಶಾಶ್ವತವಾದದ್ದಾಗಿ, ಮೊತ್ತ ಬದಲಾಗದಂತಿದ್ದರೆ ವಾರ್ಷಿಕ ಗೇಣಿಯ 20 ಪಟ್ಟು ಕೊಟ್ಟು ಬಿಡಿಸಿಕೊಳ್ಳಬಹುದು. ‘ತಾತ್ಕಾಲಿಕ’ ಎಂದಿದ್ದರೆ ಎಚ್ಚರ: ಅವಧಿ ಮುಗಿದ ದಿನ ಮನೆ ಒಡೆಯನಿಗೆ ಮರಳುತ್ತದೆ.

ಪ್ರಶ್ನೆ: ಮೈಸೂರಿನಿಂದ ಹಣ ಕಳಿಸಿ ಮಾಲ್ಟಾದಲ್ಲಿ ಮನೆ ಕೊಳ್ಳಬಹುದೇ?

ಉತ್ತರ: ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಗಂಡ-ಹೆಂಡತಿ ಇಬ್ಬರೂ ಜಂಟಿ ಒಡೆಯರಾದರೆ ಇಬ್ಬರ ಮಿತಿಯನ್ನೂ ಕೂಡಿಸಬಹುದು. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. ಅದು ರಿಟರ್ನ್ ಸಲ್ಲಿಸಿದಾಗ ನಿಮ್ಮ ತೆರಿಗೆಗೆ ಹೊಂದಿಕೆಯಾಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಆದರೆ ಅಷ್ಟು ತಿಂಗಳು ಆ ಹಣ ಕೈಗೆ ಸಿಗುವುದಿಲ್ಲ. ಪ್ರತಿ ವರ್ಷ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ‘ಶೆಡ್ಯೂಲ್ ಎಫ್‌ಎ’ಯಲ್ಲಿ ಮನೆಯ ವಿವರ ತುಂಬಿ. ಅಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ, ಮಾರ್ಚ್‌ಗಲ್ಲ. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.