ಓದುಗರ ಪ್ರಶ್ನೆ, ನಮ್ಮ ಉತ್ತರ: ಚಳಿಗಾಲದ ಹೊಳೆಯಲ್ಲಿ ಸ್ಟೀಲ್‌ಹೆಡ್

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಮೆರಿಕದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳ ಹೊಳೆಗಳಿಗೆ ಕಡಲಿನಿಂದ ಹತ್ತಿ ಬರುವ ಸ್ಟೀಲ್‌ಹೆಡ್ ಮೀನಿನ ಬಗ್ಗೆ ಅಲ್ಲಿನ ಕನ್ನಡಿಗರು ಬರೆದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಮೀನಿನ ಪರಿಚಯ ಇಲ್ಲದವರಿಗೆ ಒಂದು ಮಾತು. ಇದು ರೇನ್‌ಬೋ ಟ್ರೌಟ್ ಜಾತಿಯದೇ ಮೀನು. ಬ್ರಿಟಿಷರು ನೀಲಗಿರಿ, ಮುನ್ನಾರ್ ಕಡೆಯ ತೊರೆಗಳಿಗೆ ತಂದು ಬಿಟ್ಟದ್ದು ಇದರ ಬಂಧುವನ್ನೇ. ಆ ಮೀನು ಜೀವಮಾನವೆಲ್ಲ ಸಿಹಿನೀರಲ್ಲೇ ಕಳೆಯುತ್ತದೆ. ಸ್ಟೀಲ್‌ಹೆಡ್ ಸಾಮಾನ್ಯವಾಗಿ ಎರಡು ವರ್ಷ ಹೊಳೆಯಲ್ಲಿ ಬೆಳೆದು ಕಡಲಿಗಿಳಿಯುತ್ತದೆ, ಅಲ್ಲಿ ಎರಡು ಮೂರು ವರ್ಷ ಮೇದು ಮೂರರಿಂದ ಐದು ಕಿಲೋ ತೂಗುವಷ್ಟಾಗಿ, ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ಮರಳುತ್ತದೆ.

ಮೂರು ಶನಿವಾರ ಫೋರ್ಕ್ಸ್ ಊರಿನ ಹತ್ತಿರದ ಬೋಗಶೀಲ್ ಹೊಳೆಗೆ ಹೋಗಿ ಬರಿಗೈಲಿ ಬಂದೆ. ಸಿಯಾಟಲ್‌ನಿಂದ ಮೂರೂವರೆ ಗಂಟೆ ದಾರಿ. ಅಲ್ಲಿನ ಅಂಗಡಿಯವರು ‘ನಿನ್ನ ಗಾಳ ಸರಿಯಿದೆ, ದಿನ ಸರಿಯಿಲ್ಲ’ ಅಂದರು. ಪಂಚಾಂಗ ನೋಡಿ ಹೊರಡಬೇಕೇ?
*ಬೆಲ್‌ವ್ಯೂ ಓದುಗರು*

ಪಂಚಾಂಗ ಬೇಡ, ಹೊಳೆಯ ಮಟ್ಟ ನೋಡಿ. ಅಂಗಡಿಯವರು ಹೇಳಿದ್ದು ಪೂರಾ ನಿಜ. ಶನಿವಾರ ರಜೆ ಇದೆ ಎಂಬುದು ನಿಮ್ಮ ಲೆಕ್ಕ. ಮೀನಿನ ಲೆಕ್ಕ ಮಳೆಯದು.

ಮಳೆ ಬಂದು ನೀರು ಏರುವಾಗ ಹೊಳೆ ಕೆಂಪಾಗಿ ಕಸಕಡ್ಡಿ ಹೊತ್ತು ಬರುತ್ತದೆ. ಆಗ ಮೀನು ಮೇಲಕ್ಕೆ ಹೊರಟಿರುತ್ತದೆ, ಆದರೆ ಗಾಳ ಅದರ ಕಣ್ಣಿಗೆ ಬೀಳುವುದಿಲ್ಲ. ಮಳೆ ನಿಂತು ಮಟ್ಟ ಇಳಿಯತೊಡಗಿದ ಎರಡನೆಯ ಅಥವಾ ಮೂರನೆಯ ದಿನ ನೀರು ಎಳೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ದಿನ ಅದು. ಹೊಸ ಮೀನು ಬಂದು ಮಡುಗಳಲ್ಲಿ ನಿಂತಿರುತ್ತದೆ. ನೀರು ಗಾಳ ಕಾಣುವಷ್ಟು ತಿಳಿಯಾಗಿರುತ್ತದೆ, ನಿಮ್ಮನ್ನು ಕಂಡು ಮೀನು ಬೆದರುವಷ್ಟು ತಿಳಿಯಾಗಿರುವುದಿಲ್ಲ. ಪರೀಕ್ಷೆ ಸುಲಭ: ಮೊಣಕಾಲುದ್ದ ನೀರಿನಲ್ಲಿ ನಿಂತು ಬೂಟಿನ ತುದಿ ನೋಡಿ. ಕಾಣದಿದ್ದರೆ ಕಾಫಿ ಕುಡಿದು ಬೇರೆ ಹೊಳೆಗೆ ನಡೆಯಿರಿ. ಮಸುಕಾಗಿ ಕಂಡರೂ ಗಾಳ ಹಾಕಬಹುದು. ಅರವತ್ತು ಸೆಂಟಿಮೀಟರ್‌ನಿಂದ ಒಂದು ಮೀಟರ್ ಆಳದವರೆಗೆ ಕಂಡರೆ ಇನ್ನೇನೂ ಕೇಳಬೇಡಿ.

ಇದನ್ನೆಲ್ಲ ಮನೆಯಲ್ಲೇ ಕೂತು ತಿಳಿಯಬಹುದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇಂಥ ಅನೇಕ ಹೊಳೆಗಳಲ್ಲಿ ಅಳತೆಮಾಪಕ ಇಟ್ಟಿದೆ. ನೀರಿನ ಮಟ್ಟ ಅಡಿಯಲ್ಲಿ, ಹರಿವು ಸೆಕೆಂಡಿಗೆ ಇಷ್ಟು ಘನ ಅಡಿ ಎಂದು ಸಿಗುತ್ತದೆ. ಬಿಡಿ ಅಂಕಿಗಿಂತ ಗೆರೆ ಯಾವ ಕಡೆ ಬಾಗಿದೆ ಎಂಬುದು ಮುಖ್ಯ. ಏರುಗೆರೆ ಇದ್ದರೆ ಮನೆಯಲ್ಲಿರಿ, ಇಳಿಗೆರೆ ಇದ್ದರೆ ಹೊರಡಿ. ಹೋದ ಪ್ರತಿ ದಿನದ ಅಂಕಿ ಮತ್ತು ನೀರಿನ ಬಣ್ಣ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಆ ಹೊಳೆ ಯಾವ ಅಂಕಿಗೆ ಹದವಾಗುತ್ತದೆಂದು ಗೊತ್ತಾಗುತ್ತದೆ. ಒಂದು ಹೊಳೆಯ ಅಂಕಿ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಹವಾಮಾನ ವರದಿಯಲ್ಲಿ ಮಳೆಯ ಜೊತೆಗೆ, ಬೆಟ್ಟದ ಎಷ್ಟು ಎತ್ತರದಿಂದ ಮೇಲೆ ಹಿಮ ಬೀಳುತ್ತದೆ ಎಂಬುದನ್ನೂ ನೋಡಿ. ಆ ಗೆರೆ ಕೆಳಗಿದ್ದರೆ ಬೆಟ್ಟದ ಮೇಲೆ ಬಿದ್ದದ್ದು ಹಿಮವಾಗಿ ಅಲ್ಲೇ ಉಳಿಯುತ್ತದೆ, ಹೊಳೆ ಅಷ್ಟಾಗಿ ಏರುವುದಿಲ್ಲ. ಗೆರೆ ಮೇಲಕ್ಕೆ ಹೋಗಿ ಬೆಚ್ಚನೆಯ ಮಳೆ ಹಿಮದ ಮೇಲೆ ಬಿತ್ತೋ, ಎರಡೂ ಸೇರಿ ಒಂದೇ ರಾತ್ರಿಯಲ್ಲಿ ನುಗ್ಗಿ ಬರುತ್ತವೆ.

ಫೋರ್ಕ್ಸ್ ಕಡೆ ಹೋಗುವವರಿಗೆ ಒಂದು ಅನುಕೂಲವಿದೆ: ಹತ್ತಿರ ಹತ್ತಿರವೇ ನಾಲ್ಕು ಹೊಳೆ. ಬಂಡೆ ಹಾಸಿನ ಸೋಲ್ ಡಕ್ ಬೇಗ ತಿಳಿಯಾಗುತ್ತದೆ. ಒಲಿಂಪಸ್ ಪರ್ವತದ ಹಿಮನದಿಗಳಿಂದ ಬರುವ ಹೋ ಹೊಳೆ ಸಣ್ಣ ಬೂದು ಹೂಳು ಹೊತ್ತು ತರುವುದರಿಂದ ತಿಳಿಯಾಗುವುದು ಎಲ್ಲಕ್ಕಿಂತ ತಡ. ಕಲವಾ, ಬೋಗಶೀಲ್ ನಡುವೆ. ಬೋಗಶೀಲ್‌ನಲ್ಲಿ ಮೀನುಮರಿ ಕೇಂದ್ರವಿದೆ. ಅಲ್ಲಿ ಬೆಳೆಸಿ ಬಿಟ್ಟ ಮೀನು ಡಿಸೆಂಬರ್, ಜನವರಿಯಲ್ಲಿ ಹೆಚ್ಚು; ಮನೆಗೆ ಒಯ್ಯಬಹುದಾದದ್ದು ಇದೇ. ಹೊಳೆಯಲ್ಲೇ ಹುಟ್ಟಿದ ಕಾಡುಮೀನು ಬಲವಾಗಿ ಬರುವುದು ಫೆಬ್ರವರಿಯ ನಂತರ. ಮಾರ್ಚ್‌ನಲ್ಲಿ ಹೋಗಿ ‘ಮನೆಗೆ ಒಯ್ಯುವ ಮೀನು ಸಿಗಲಿಲ್ಲ’ ಎನ್ನುವವರು ತಿಂಗಳು ತಪ್ಪಿದ್ದಾರೆ ಅಷ್ಟೆ.

ಸೀಸ ಕಟ್ಟಿ ಎಸೆದರೆ ಐದರಲ್ಲಿ ನಾಲ್ಕು ಸಲ ಕಲ್ಲಿಗೆ ಸಿಕ್ಕಿ ದಾರ ಕಿತ್ತುಹೋಗುತ್ತದೆ. ಬೆಂಡು ಕಟ್ಟಿದರೆ ಮೀನು ಮುಟ್ಟುವುದೇ ಇಲ್ಲ. ಯಾವುದನ್ನು ಬಿಡಲಿ?
*ಹಿಲ್ಸ್‌ಬರೊ, ಒರೆಗಾನ್*

ಎರಡನ್ನೂ ಬಿಡಬೇಡಿ. ಎರಡರಲ್ಲೂ ತಪ್ಪಿರುವುದು ಆಳ.

ಚಳಿಗಾಲದ ಸ್ಟೀಲ್‌ಹೆಡ್ ತಳಕ್ಕೆ ಅಂಟಿಕೊಂಡಂತೆ ನಿಂತಿರುತ್ತದೆ. ನೀರು 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಒಂದು ಮಾರು ದೂರ ಸರಿದು ಬಂದು ಕಚ್ಚುವ ಉಮೇದೂ ಇರುವುದಿಲ್ಲ, ಗಾಳವೇ ಮೂತಿಯ ಮುಂದೆ ಹಾಯಬೇಕು. 5ರಿಂದ 8 ಡಿಗ್ರಿ ಇದ್ದರೆ ಸ್ವಲ್ಪ ಚುರುಕು. ನೀವು ನಡೆಯುವಷ್ಟೇ ವೇಗದಲ್ಲಿ ಹರಿಯುವ, ಒಂದರಿಂದ ಎರಡೂವರೆ ಮೀಟರ್ ಆಳದ ಜಾಗ ಹುಡುಕಿ. ರಭಸದ ನೀರೂ ನಿಧಾನದ ನೀರೂ ಕೂಡುವ ಅಂಚು, ದೊಡ್ಡ ಬಂಡೆಯ ಮುಂದೆ ಹಿಂದೆ, ಮಡು ಮುಗಿದು ನೀರು ತೆಳುವಾಗುವ ಬಾಲದ ಭಾಗ, ಇವೇ ಮೀನು ನಿಲ್ಲುವ ತಾಣಗಳು.

ಮೊದಲು ಬೆಂಡು. ರೀಲ್‌ನಲ್ಲಿ 30 ಪೌಂಡ್ ಭಾರ ತಾಳುವ ಹೆಣೆದ ದಾರ ಇರಲಿ. ಅದು ತೇಲುತ್ತದೆ, ನೀರಿನಿಂದ ಎತ್ತಿ ಮತ್ತೆ ಇಡುವುದು ಸುಲಭ. ದಾರಕ್ಕೆ ಮೇಲಿಂದ ಕೆಳಕ್ಕೆ ಕಟ್ಟುವ ಕ್ರಮ: ಜಾರಿಸಬಹುದಾದ ತಡೆಗಂಟು, ಸಣ್ಣ ಮಣಿ, ಅರ್ಧ ಔನ್ಸಿನ ಜಾರುಬೆಂಡು, ದಾರ ತೂರುವ ಎಂಟನೇ ಮೂರು ಔನ್ಸಿನ ಸೀಸ, ಸ್ವಿವೆಲ್ (ತಿರುಗುವ ಸಣ್ಣ ಕೊಂಡಿ), ಅಲ್ಲಿಂದ 50–60 ಸೆಂಟಿಮೀಟರ್ ಉದ್ದದ 10 ಪೌಂಡ್ ಫ್ಲೋರೋಕಾರ್ಬನ್ ದಾರದ ತುಂಡು, ತುದಿಗೆ ಎಂಟನೇ ಒಂದು ಔನ್ಸಿನ ಜಿಗ್ (ತಲೆಗೆ ಭಾರ ಕೂರಿಸಿದ ಗಾಳ). ಸೀಸ ಮತ್ತು ಜಿಗ್ ಸೇರಿದರೆ ಬೆಂಡಿನ ತೂಕಕ್ಕೆ ಸರಿಯಾಗಬೇಕು. ಕಡಿಮೆಯಾದರೆ ಬೆಂಡು ಮಲಗುತ್ತದೆ, ಹೆಚ್ಚಾದರೆ ಮುಳುಗುತ್ತದೆ.

ಆಳ ಹೊಂದಿಸುವುದು ಹೀಗೆ. ತಡೆಗಂಟನ್ನು ಅಂದಾಜಿಗೆ ಇಟ್ಟು ಎಸೆಯಿರಿ. ಬೆಂಡಿನ ತಲೆ ಹೊಳೆ ಹರಿಯುವ ಕಡೆಗೆ ಬಾಗಿ ತಡವರಿಸುತ್ತಿದ್ದರೆ ಜಿಗ್ ನೆಲ ಉಜ್ಜುತ್ತಿದೆ. ಗಂಟನ್ನು ಒಂದು ಗೇಣು ಕೆಳಗಿಳಿಸಿ. ಒಮ್ಮೆಯೂ ಬಾಗದೆ ಸಲೀಸಾಗಿ ಸಾಗಿದರೆ ಸಾಕಷ್ಟು ಆಳಕ್ಕೆ ಹೋಗಿಲ್ಲ, ಗಂಟು ಮೇಲೇರಿಸಿ. ನೆಲದಿಂದ ಮೂವತ್ತು ಸೆಂಟಿಮೀಟರ್ ಮೇಲೆ ತೇಲಿಹೋಗುವುದು ಹದ. ಬೆಂಡಿನ ತಲೆ ಹಿಂದಕ್ಕೆ, ಮೇಲ್ಹರಿವಿನ ಕಡೆಗೆ ಬಾಗಿದರೆ ತಪ್ಪು ನಿಮ್ಮ ಕೈಯದು. ನೀವು ದಾರ ಹಿಡಿದು ತಡೆಯುತ್ತಿದ್ದೀರಿ. ನಡುವಿನ ದಾರ ಹೊಟ್ಟೆಬಿಟ್ಟು ಮುಂದೆ ಓಡಿದರೆ ಬೆಂಡನ್ನೂ ಎಳೆದೊಯ್ಯುತ್ತದೆ. ರಾಡ್ ಎತ್ತಿ ಆ ದಾರವನ್ನು ಮೇಲ್ಹರಿವಿನ ಕಡೆ ಮಗುಚಿ ಹಾಕಿ. ನಿಮ್ಮ ಬೆಂಡನ್ನು ಮೀನು ಮುಟ್ಟದೇ ಇರುವುದಕ್ಕೆ ಬಹುಪಾಲು ಈ ಎರಡೇ ಕಾರಣ. ಒಂದೇ ಆಳ ಇಟ್ಟುಕೊಂಡು ದಿನವಿಡೀ ಎಲ್ಲ ಮಡುಗಳಲ್ಲೂ ಎಸೆಯುವವರನ್ನು ದಡದಲ್ಲಿ ಎಷ್ಟು ಬೇಕಾದರೂ ಕಾಣಬಹುದು.

ಇನ್ನು ಸೀಸ. ಇದಕ್ಕೆ 10–12 ಪೌಂಡಿನ ಒಂಟಿ ಎಳೆಯ ದಾರ ಸಾಕು. ಪೆನ್ಸಿಲ್‌ನಂಥ ಸೀಸದ ಕಡ್ಡಿಯನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಮುಖ್ಯ ದಾರಕ್ಕಿಂತ ತೆಳುವಾದ ಬೇರೆ ತುಂಡು ದಾರದಲ್ಲಿ ಸ್ವಿವೆಲ್‌ಗೆ ಕಟ್ಟಿ. ಕಲ್ಲಿಗೆ ಸಿಕ್ಕಾಗ ಸೀಸ ಮಾತ್ರ ಹೋಗುತ್ತದೆ, ಗಾಳ ಉಳಿಯುತ್ತದೆ. ಎಸೆಯುವುದು ಎದುರು ದಡದ ಕಡೆಗೆ, ತುಸು ಮೇಲ್ಹರಿವಿಗೆ ವಾಲಿ. ತೀರಾ ಮೇಲಕ್ಕೆ ಎಸೆದರೆ ದಾರ ಸಡಿಲವಾಗಿ ಸೀಸ ಬಂಡೆಗಳ ಸಂದಿಗೆ ಬೀಳುತ್ತದೆ. ಐದರಲ್ಲಿ ನಾಲ್ಕು ಸಲ ಸಿಕ್ಕುವುದು ಹೀಗೇ. ರಾಡ್ ತುದಿ ಎತ್ತಿ ಹಿಡಿದು ಸಡಿಲ ತೆಗೆಯುತ್ತಿರಿ. ಸೀಸ ಸೆಕೆಂಡಿಗೊಮ್ಮೆ ‘ಟಕ್’ ಎಂದು ನೆಲ ತಾಗಿ ಹಾರಬೇಕು. ಗರಗರ ಎಳೆಯುತ್ತಿದ್ದರೆ ಭಾರ ಹೆಚ್ಚು, ಅರ್ಧ ಸೆಂಟಿಮೀಟರ್ ಕತ್ತರಿಸಿ. ಟಕ್ ಎನ್ನದೇ ಸಾಗಿದರೆ ಭಾರ ಸಾಲದು. ಕಚ್ಚುವಿಕೆ ಜಗ್ಗಿದಂತೆ ಬರುತ್ತದೆಂದು ಕಾಯಬೇಡಿ. ಟಕ್‌ಟಕ್ ನಿಂತುಹೋದರೆ, ಅಥವಾ ರಬ್ಬರಿಗೆ ಸಿಕ್ಕಂತೆ ಮೆತ್ತಗಾದರೆ, ತಕ್ಷಣ ರಾಡ್ ಎತ್ತಿ. ಕಲ್ಲಾದರೆ ಕಲ್ಲು.

ಪ್ರತಿ ಸಲ ಸಿಕ್ಕಿ ಬಿಡಿಸಿದ ಮೇಲೆ ತುದಿಯ ಒಂದು ಅಡಿ ದಾರವನ್ನು ಉಗುರಲ್ಲಿ ಸವರಿ ನೋಡಿ. ಒರಟು ಸಿಕ್ಕರೆ ಕತ್ತರಿಸಿ ಹೊಸದಾಗಿ ಕಟ್ಟಿ, ಗಂಟನ್ನು ಒದ್ದೆಮಾಡಿ ಬಿಗಿಯಿರಿ. ಒಣಗಂಟು ಉಜ್ಜಿ ಬಿಸಿಯಾಗಿ ಸೋಲುತ್ತದೆ.

ಹೊಸಬರು ಬೆಂಡಿನಿಂದ ಆರಂಭಿಸಲಿ. ರಭಸದ, ಏರುತಗ್ಗಿನ ನೀರಿಗೆ ಮಾತ್ರ ಸೀಸ.

ಭೀಮೇಶ್ವರಿ ಕಡೆ ಕಾವೇರಿಯಲ್ಲಿ ರಾಗಿ ಮುದ್ದೆ ಕಟ್ಟಿ ಮಹಶೀರ್ ಹಿಡಿಯುತ್ತಿದ್ದ ಕಥೆ ಕೇಳಿ ಬೆಳೆದವನು ನಾನು. ಸ್ಟೀಲ್‌ಹೆಡ್‌ಗೂ ಮುದ್ದೆ ಕಟ್ಟಿದರೆ?
*ಮದ್ದೂರಿನವರು, ಈಗ ಟಕೋಮ*

ಮುದ್ದೆಯನ್ನು ನೀವೇ ಉಣ್ಣಿ, ಚಳಿಗೆ ಒಳ್ಳೆಯದು. ಮಹಶೀರ್ ಗೆಂಡೆಮೀನಿನ ಬಳಗದ್ದು; ಹಣ್ಣು, ಕಾಳು, ಏಡಿ ಎಲ್ಲ ತಿನ್ನುತ್ತದೆ, ವಾಸನೆ ಹಿಡಿದು ಬರುತ್ತದೆ. ಮೊಟ್ಟೆಯಿಡಲು ಹತ್ತಿ ಬಂದ ಚಳಿಗಾಲದ ಸ್ಟೀಲ್‌ಹೆಡ್ ಮೇಯುವುದನ್ನು ಹೆಚ್ಚುಕಡಿಮೆ ಬಿಟ್ಟಿರುತ್ತದೆ. ಮರಿಯಾಗಿದ್ದಾಗ ಹೊಳೆಯಲ್ಲಿ ತೇಲಿಬರುತ್ತಿದ್ದ ಸಾಲ್ಮನ್ ಮೊಟ್ಟೆಗಳನ್ನು ತಿಂದ ಅಭ್ಯಾಸವಿದೆಯಲ್ಲ, ಅಂಥದ್ದು ಮೂತಿಯ ಮುಂದೆ ಬಂದರೆ ಬಾಯಿ ತಾನಾಗಿ ತೆರೆಯುತ್ತದೆ. ಗುಲಾಬಿ, ಕಿತ್ತಳೆ ಬಣ್ಣದ ಮಣಿಗಳು ನಡೆಯುವುದು ಇದಕ್ಕೇ.

ಇನ್ನೊಂದು ತೊಡಕು ಕಾನೂನಿನದು. ಕರಾವಳಿಯ ಹಲವು ಹೊಳೆಗಳಲ್ಲಿ ಚಳಿಗಾಲಕ್ಕೆ ಎರೆ ನಿಷೇಧ ಇರುತ್ತದೆ, ಮುದ್ದೆಯೂ ಎರೆಯೇ. ಪ್ಲಾಸ್ಟಿಕ್ ಮಣಿ ಬಳಸಿ: ತಿಳಿನೀರಿಗೆ 8–10 ಮಿಲಿಮೀಟರ್, ಮಸುಕು ನೀರಿಗೆ 14. ಮಣಿಯನ್ನು ಗಾಳದ ಮುಳ್ಳಿನಿಂದ 5 ಸೆಂಟಿಮೀಟರ್ ಮೇಲೆ ಸಣ್ಣ ಬೆಣೆ ತುರುಕಿ ನಿಲ್ಲಿಸಿ. ಮೀನು ಮಣಿ ಕಚ್ಚಿದಾಗ ಮುಳ್ಳು ದವಡೆಯ ಮೂಲೆಗೆ ಹೊರಗಿನಿಂದ ನಾಟುತ್ತದೆ. ಅದಕ್ಕಿಂತ ದೂರವಿಟ್ಟರೆ ಕಣ್ಣಿಗೋ ಮೈಗೋ ನಾಟಿ ಮೀನು ಹಾಳು.

ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು? ನೀರಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ.
*ರೆಡ್‌ಮಂಡ್*

ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ, ಕಿರುಬೆರಳ ತುದಿಯಷ್ಟು ಮಾಂಸಲ ರೆಕ್ಕೆಯೊಂದಿರುತ್ತದೆ. ಕೇಂದ್ರದಲ್ಲಿ ಬೆಳೆಸಿದ ಮರಿಗಳಿಗೆ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ಆ ಜಾಗದಲ್ಲಿ ಮಾಗಿದ ಕಲೆ ಕಂಡರೆ ಸಾಕಿದ ಮೀನು. ರೆಕ್ಕೆ ಇದ್ದರೆ ಕಾಡುಮೀನು ಎಂದೇ ಲೆಕ್ಕ, ಬಿಡಲೇಬೇಕು. ವಾಷಿಂಗ್ಟನ್‌ನಲ್ಲಿ 2016ರಿಂದ ಕಾಡು ಸ್ಟೀಲ್‌ಹೆಡ್ ಇಟ್ಟುಕೊಳ್ಳುವುದು ರಾಜ್ಯಾದ್ಯಂತ ನಿಷಿದ್ಧ, ಬಿಡಬೇಕಾದ ಮೀನನ್ನು ನೀರಿನಿಂದ ಪೂರ್ತಿ ಎತ್ತುವುದೂ ತಪ್ಪು. ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡರೆ ದಂಡಕ್ಕೆ ಸಾಕ್ಷಿ ನೀವೇ ಒದಗಿಸಿದಂತೆ.

ಮೀನು ಸಿಕ್ಕಾಗ ದಡದ ಕಲ್ಲಿನ ಮೇಲೆ ಎಳೆಯಬೇಡಿ. ಮೊಣಕಾಲುದ್ದದ ನಿಧಾನ ನೀರಿಗೆ ತಂದು ರಬ್ಬರ್ ಬಲೆಯಲ್ಲಿ ಹಿಡಿಯಿರಿ. ಮುಳ್ಳಿನ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿರಬೇಕು; ಎಷ್ಟೋ ಹೊಳೆಗಳಲ್ಲಿ ಅದು ಕಡ್ಡಾಯ. ಬಿಡುವಾಗ ತಲೆ ಮೇಲ್ಹರಿವಿಗೆ ಮಾಡಿ ಬಾಲದ ಬುಡ ಹಿಡಿದಿರಿ, ಅದಾಗಿ ಒದ್ದುಕೊಂಡು ಹೋಗಲಿ. ಮೊಟ್ಟೆಯಿಟ್ಟ ಮೇಲೆ ಆ ಹೊಳೆಗಳ ಸಾಲ್ಮನ್ ಸಾಯುತ್ತದೆ. ಸ್ಟೀಲ್‌ಹೆಡ್ ಕಡಲಿಗೆ ಮರಳಿ ಇನ್ನೊಮ್ಮೆ ಬರಬಲ್ಲದು.

ಇಟ್ಟುಕೊಂಡ ಮೀನನ್ನು ಅಲ್ಲೇ, ಆಗಲೇ, ಹಿಡಿದ ಮೀನಿನ ಲೆಕ್ಕ ಇಡುವ ಕಾರ್ಡಿನಲ್ಲಿ ಶಾಯಿಯಿಂದ ದಾಖಲಿಸಿ. ವಾಷಿಂಗ್ಟನ್ ಪರವಾನಗಿ 15 ವರ್ಷದಿಂದ ಮೇಲ್ಪಟ್ಟವರಿಗೆ ಬೇಕು, ಮಾರ್ಚ್ 31ಕ್ಕೆ ಮುಗಿಯುತ್ತದೆ. ಒರೆಗಾನ್‌ನಲ್ಲಿ 12ರಿಂದಲೇ ಬೇಕು. ನಿಯಮಗಳು ಹಂಗಾಮಿನ ನಡುವೆಯೂ ಬದಲಾಗುತ್ತವೆ, ಕೆಲವೊಮ್ಮೆ ಹೊಳೆಯನ್ನೇ ಮುಚ್ಚುತ್ತಾರೆ. ಹೊರಡುವ ಹಿಂದಿನ ಸಂಜೆ ರಾಜ್ಯದ ಮೀನುಗಾರಿಕೆ ಇಲಾಖೆಯ ತುರ್ತು ಆದೇಶ ಓದದೆ ಹೊರಡಬೇಡಿ.

ನಮಗೆ ಒಂದು ಮುಳ್ಳಿಗೂ ಇಷ್ಟು ನಿಯಮ. ಹೊಳೆಯ ಕೆಳಗಡೆ ಮೂಲನಿವಾಸಿಗಳು ಬಲೆಯನ್ನೇ ಹಾಕಿದ್ದರಲ್ಲ?
*ಅದೇ ಓದುಗರು*

ಅದು ಅವರ ಒಪ್ಪಂದದ ಹಕ್ಕು. 1850ರ ದಶಕದ ಒಪ್ಪಂದಗಳಲ್ಲಿ ಬುಡಕಟ್ಟುಗಳು ನೆಲ ಬಿಟ್ಟುಕೊಟ್ಟು ಮೀನುಗಾರಿಕೆಯ ಹಕ್ಕು ಉಳಿಸಿಕೊಂಡವು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಅವರದು ಎಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ 1974ರಲ್ಲಿ ತೀರ್ಪು ಕೊಟ್ಟರು. ನಿಮಗೆ ಉಪಯೋಗಕ್ಕೆ ಬರುವ ವಿಷಯ: ಬಲೆ ಹಾಕುವ ದಿನಗಳು ನಿಗದಿಯಾಗಿರುತ್ತವೆ. ಕೇಳಿ ತಿಳಿದುಕೊಂಡು, ಬಲೆ ಎತ್ತಿದ ಮರುದಿನಗಳಲ್ಲಿ ಹೋಗಿ.

ಮಗ ಜನವರಿಯ ಚಳಿಯಲ್ಲಿ ಸೊಂಟದುದ್ದ ನೀರಲ್ಲಿ ನಿಂತ ಫೋಟೋ ಕಳಿಸುತ್ತಾನೆ. ಬೇಡ ಅಂದರೆ ಕೇಳುವುದಿಲ್ಲ. ಏನು ಹೇಳಲಿ?
*ಶಿವಮೊಗ್ಗದ ಓದುಗರು*

ಅಮ್ಮ, ‘ಹೋಗಬೇಡ’ ಎನ್ನುವ ಬದಲು ‘ಬೆಲ್ಟ್ ಕಟ್ಟಿದ್ದೀಯಾ’ ಎಂದು ಕೇಳಿ. ಎದೆಯವರೆಗಿನ ಜಲನಿರೋಧಕ ಉಡುಪಿನ ಮೇಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟುವ ಪಟ್ಟಿ ಅದು. ಜಾರಿ ಬಿದ್ದರೆ ಒಳಗೆ ನೀರು ನುಗ್ಗುವುದನ್ನು ತಡಮಾಡುತ್ತದೆ. ಎರಡನೆಯದು, ಸೊಂಟದುದ್ದ ನೀರು ಬೇಕಾಗಿಯೇ ಇಲ್ಲ. ಚಳಿಗಾಲದಲ್ಲಿ ಎಷ್ಟೋ ಮೀನು ದಡದಿಂದ ಐದಾರು ಮಾರಿನೊಳಗೇ ಇರುತ್ತದೆ. ಆಳಕ್ಕಿಳಿದವನು ಮೀನಿನ ಮೇಲೇ ನಿಂತಿರುತ್ತಾನೆ. ಮೊಣಕಾಲು ದಾಟಬೇಡ ಅನ್ನಿ, ಈ ಕಾರಣ ಹೇಳಿದರೆ ಖಂಡಿತ ಕೇಳುತ್ತಾನೆ.

ಒಳಗೆ ಹತ್ತಿಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಮೈಶಾಖವನ್ನೇ ಹೀರುತ್ತವೆ. ಉಣ್ಣೆಯ ಕಾಲುಚೀಲ, ಮೇಲೊಂದು ಉಣ್ಣೆಯ ಪದರ ಇರಲಿ. ಕಾಲುಚೀಲ ಒಂದರ ಮೇಲೊಂದು ಬಿಗಿಯಾಗಿ ತುರುಕಿದರೆ ರಕ್ತ ಓಡದೆ ಬೆರಳು ಇನ್ನೂ ಮರಗಟ್ಟುತ್ತದೆ. ಬೂಟಿನ ತಳಕ್ಕೆ ಲೋಹದ ಮೊಳೆ, ಕೈಗೊಂದು ಊರುಗೋಲು, ಕಾರಿನಲ್ಲಿ ಒಂದು ಜೊತೆ ಒಣಬಟ್ಟೆ. ಬಿದ್ದರೆ ಎದ್ದು ನಿಲ್ಲಲು ಹೆಣಗದೆ ಅಂಗಾತ ಮಲಗಿ, ಕಾಲು ಹರಿವಿನ ಕಡೆ ಚಾಚಿ, ಕೈಯಲ್ಲಿ ದಡಕ್ಕೆ ತುಯ್ಯಬೇಕು. ಆ ಕಾಡುಹೊಳೆಗಳ ಬಳಿ ಫೋನ್ ಸಿಗದ ಜಾಗ ಬಹಳ. ಆದ್ದರಿಂದ ಯಾವ ಹೊಳೆ, ಯಾವ ಇಳಿದಾಣ, ಎಷ್ಟು ಗಂಟೆಗೆ ವಾಪಸು ಎಂದು ಒಬ್ಬರಿಗೆ ಹೇಳಿ ಹೋಗಲಿ. ಜನವರಿಯಲ್ಲಿ ಅಲ್ಲಿ ಎಂಟರ ಸುಮಾರಿಗೆ ಬೆಳಗಾಗಿ ನಾಲ್ಕೂವರೆ, ಐದಕ್ಕೆಲ್ಲ ಕತ್ತಲು.

ಕೊರೆಯುವ ಚಳಿಯಲ್ಲಿ ರಾಡಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿ ದಾರ ಓಡುವುದಿಲ್ಲ.
*ವ್ಯಾಂಕೂವರ್, ವಾಷಿಂಗ್ಟನ್*

ಬೆರಳಲ್ಲಿ ಒಡೆಯಬೇಡಿ, ಉಂಗುರದೊಳಗಿನ ಪಿಂಗಾಣಿ ಬಳೆ ಕಳಚಿ ಹೋಗುತ್ತದೆ. ರಾಡಿನ ತುದಿಯನ್ನು ಹೊಳೆಯಲ್ಲಿ ಅದ್ದಿ ಹಿಡಿಯಿರಿ. ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ತಾನೇ ಕರಗುತ್ತದೆ. ಬೆಳಿಗ್ಗೆಯೇ ಉಂಗುರಗಳಿಗೆ ತುಟಿಗೆ ಹಚ್ಚುವ ಮುಲಾಮು ಸವರಿದರೆ ಗಡ್ಡೆ ಕಟ್ಟುವುದು ತಡವಾಗುತ್ತದೆ.

ಸಾಕಿದ ಮೀನೊಂದು ಸಿಕ್ಕಿತು. ಗಸಿ ಮಾಡಿದರೆ ಪುಡಿಪುಡಿಯಾಯಿತು.
*ಮಂಗಳೂರಿನವರು, ಬೀವರ್ಟನ್*

ಬಂಗುಡೆಯ ಲೆಕ್ಕದಲ್ಲಿ ಕುದಿಸಿದ್ದೀರಿ. ಇದರ ಮಾಂಸ ಪದರ ಪದರವಾಗಿ ಬೇಗ ಬಿಡುತ್ತದೆ. ಚರ್ಮ ತೆಗೆಯದೆ ಎರಡು ಬೆರಳು ದಪ್ಪದ ತುಂಡು ಮಾಡಿ, ಮಸಾಲೆ ಪೂರ್ತಿ ಕುದಿದ ಮೇಲೆ ಕೊನೆಯ ಆರೇಳು ನಿಮಿಷ ಮಾತ್ರ ಸಣ್ಣ ಉರಿಯಲ್ಲಿಡಿ, ಸೌಟು ಹಾಕದೆ ಪಾತ್ರೆಯನ್ನೇ ಅಲುಗಿಸಿ. ಹೊಳೆಯ ಬಳಿಯೇ ಕಿವಿರು ಕೊಯ್ದು ರಕ್ತ ಹರಿಸಿ ಮಂಜುಗಡ್ಡೆಯಲ್ಲಿಟ್ಟಿದ್ದರೆ ಹಸಿವಾಸನೆಯೂ ಇರುವುದಿಲ್ಲ. ಮೈ ಕಪ್ಪಾಗಿ, ಹೊಟ್ಟೆ ಒಳಸರಿದು ತೆಳ್ಳಗಾದ ಮೀನು ಸಿಕ್ಕರೆ ಅದು ಮೊಟ್ಟೆಯಿಟ್ಟು ಕಡಲಿಗೆ ವಾಪಸು ಹೊರಟಿದ್ದು. ರುಚಿ ಇರುವುದಿಲ್ಲ, ಬಿಟ್ಟುಬಿಡಿ.