ಬಾಚಣಿಗೆ ತಾಗಿದರೂ ನೋವು!

ದಾವಣಗೆರೆ ಪಿ.ಜೆ. ಬಡಾವಣೆಯ ಓದುಗರೊಬ್ಬರ ಪತ್ರ: "ಸೊಸೆಗೆ ಅರೆತಲೆನೋವು. ಬಂದಾಗ ಬಾಚಣಿಗೆ ತಾಗಿದರೂ ಉರಿ ಅಂತಾಳೆ, ಓಲೆ ಬಿಚ್ಚಿಡ್ತಾಳೆ. ಶುರುವಾದ ಕೂಡಲೇ ಮಾತ್ರೆ ನುಂಗಬೇಕಂತೆ. ಸ್ವಲ್ಪ ತಡೆದು ನೋಡಬಾರದೇ? ಅಷ್ಟಕ್ಕೂ ನೋವನ್ನು ಅಳೆದವರು ಯಾರು?"

ಸಂಪಾದಕರ ಉತ್ತರ: ತಾಯಿ, ಮಾತ್ರೆಗೆ ಹೆದರುವುದು ತಪ್ಪಲ್ಲ. ಅರೆತಲೆನೋವಿಗೆಂದೇ ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆಗಳನ್ನು, ಸುಮಟ್ರಿಪ್ಟಾನ್‌ನಂಥದ್ದನ್ನು, ತಿಂಗಳಿಗೆ 10 ದಿನ, ಇಲ್ಲವೇ ಅದಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಹೃದ್ರೋಗ ಇದ್ದವರಿಗಂತೂ ಅದು ಬೇಡ. ಅಲ್ಲಿಗೆ ನಿಮ್ಮ ಪಾಲು ಮುಗಿಯಿತು. ಇನ್ನು ನಾನು ಸೊಸೆಯ ಕಡೆ.

ಅಳೆದವರು ಇದ್ದಾರೆ. ಅಮೆರಿಕದ ಬಾಸ್ಟನ್‌ನಲ್ಲಿ ನರವಿಜ್ಞಾನಿ ರಾಮಿ ಬರ್ಸ್ಟೈನ್ ಮತ್ತು ಜೊತೆಗಾರರು ರೋಗಿಗಳ ಕಣ್ಣಿನ ಸುತ್ತ, ಮುಂಗೈ ಮೇಲೆ ಬಿಸಿ, ತಂಪು ತಾಗಿಸಿದರು, ಒತ್ತಿ ನೋಡಿದರು. ತಲೆನೋವಿಲ್ಲದ ದಿನ ಒಮ್ಮೆ, ನೋವಿನ ನಡುವೆ ಇನ್ನೊಮ್ಮೆ. 2000ರಲ್ಲಿ ವರದಿ ಬಂತು. 42 ಮಂದಿಯಲ್ಲಿ 33 ಮಂದಿಗೆ ನೋವಿನ ಹೊತ್ತಿಗೆ ಚರ್ಮವೂ ಕೆರಳಿತ್ತು. ಇದಕ್ಕೆ ಅಲೋಡೀನಿಯಾ ಅಂತಾರೆ. ಮಿದುಳಿನ ಒಳಗಿನ ನರಕೋಶಗಳೇ ಕೆರಳಿ ಕೂತಾಗ ಸುಮ್ನೆ ಮುಟ್ಟಿದರೂ ನೋಯುತ್ತದೆ. ಯಂತ್ರವೇನೋ ಇತ್ತು, ಆದರೆ ಕೊನೆಗೆ ಬರೆದುಕೊಂಡಿದ್ದು ರೋಗಿ "ಈಗ ನೋಯ್ತಿದೆ" ಅಂದದ್ದನ್ನೇ, ಅಲ್ವಾ?

ಅವರದೇ 2004ರ ಪರೀಕ್ಷೆ ನೋಡಿ. ದೊಡ್ಡದೇನಲ್ಲ. ಚರ್ಮ ಕೆರಳದ ಹೊತ್ತಿನಲ್ಲಿ ಟ್ರಿಪ್ಟಾನ್ ಕೊಟ್ಟಾಗ 100ಕ್ಕೆ 93 ಸಲ ನೋವು ಪೂರ್ತಿ ಹೋಯಿತು. ಕೆರಳಿದ ಮೇಲೆ ಕೊಟ್ಟಾಗ ಬರೀ 15 ಸಲ. ನಿಮ್ಮ "ಸ್ವಲ್ಪ ತಡೆದು ನೋಡು"ಗೆ ಇಷ್ಟು ದಂಡ.

ಚಿತ್ರದುರ್ಗದ ನಮ್ಮ ಮನೆಯಲ್ಲಿ ಅವ್ವನಿಗೆ ತಲೆನೋವು ಬಂದರೆ ಅಜ್ಜಿ ಹಣೆಗೆ ಶುಂಠಿ ಪಟ್ಟು ಹಾಕಿ ಬಟ್ಟೆ ಬಿಗಿಯುತ್ತಿದ್ದಳು. ಅವ್ವ ಚೀರುತ್ತಿದ್ದಳು. ಮದ್ದು ಹಚ್ಚಿದರೂ ನಾಟಕ ಮಾಡ್ತಾಳೆ ಅಂತ ಮನೆಮಂದಿ ನಗುತ್ತಿದ್ದರು. ನಾನೂ ನಕ್ಕಿದ್ದೆ. ಆ ಬರ್ಸ್ಟೈನ್ ವರದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಪ್ಪನಿಗೆ ಬೆನ್ನು ಹಿಡಿದರೆ ಮಾತ್ರ ಮನೆಯೆಲ್ಲ ಪಿಸುಮಾತು. ಅವ್ವನ ತಲೆ ಸಿಡಿಯುತ್ತಿದ್ದರೂ ಒಗ್ಗರಣೆ ಘಾಟು ತಪ್ಪುತ್ತಿರಲಿಲ್ಲ. ಈಗ ಹೊರಗೆ ಡಿಜೆ ಬೇರೆ. ಮೊನ್ನೆ ಮದುವೆ ಮೆರವಣಿಗೆಗೆ ನಮ್ಮ ಕಿಟಕಿ ಗಾಜು ನಡುಗಿತು. ಸೌಂಡು ಕಡಿಮೆ ಮಾಡಿ ಅಂದರೆ, "ಒಂದಿನ ಅಡ್ಜಸ್ಟ್ ಮಾಡ್ಕೊಳ್ರಿ ಸಾರ್" ಎಂಬ ಉತ್ತರ!

ಮುಂದಿನ ಪತ್ರ ಸೊಸೆಯ ಕೈಲಿ ಬರೆಸಿ. ತಲೆ ನೋಯದ ದಿನ.