‘ನಿಯರ್ಲಿ 500’ ಎಂದರೆ ಎಷ್ಟು ಚೀಲ?

ಕಲಬುರಗಿಯ ಬೇಳೆ ಗಿರಣಿಯೊಂದರ ಪತ್ರವ್ಯವಹಾರ ನೋಡಿಕೊಳ್ಳುವ ಓದುಗರೊಬ್ಬರು ಬರೆದಿದ್ದಾರೆ: “ಹೊರ ರಾಜ್ಯದ ವ್ಯಾಪಾರಿಗಳಿಗೆ ಕೊಟೇಶನ್ ಇಂಗ್ಲಿಷಿನಲ್ಲೇ ಹೋಗಬೇಕು. ಅಬೌಟ್, ಅರೌಂಡ್, ರಫ್ಲಿ, ನಿಯರ್ಲಿ, ಅಪ್ರಾಕ್ಸಿಮೇಟ್ಲಿ ಎಲ್ಲಕ್ಕೂ ಡಿಕ್ಷನರಿಯಲ್ಲಿ ‘ಸುಮಾರು’ ಅಂತಲೇ ಇದೆ. ‘ನಿಯರ್ಲಿ 500 ಬ್ಯಾಗ್ಸ್’ ಎಂದು ಬರೆದು 510 ಕಳಿಸಿದೆವು. ಕೊಂಡವರು ಮೇಲಿನ 10 ಚೀಲ ಇಳಿಸಿಕೊಳ್ಳಲಿಲ್ಲ. ಯಾವುದನ್ನು ಎಲ್ಲಿ ಬರೆಯಬೇಕು?”

ಕೊಂಡವರ ತಕರಾರಿನಲ್ಲಿ ಹುರುಳಿದೆ. ನಿಯರ್ಲಿ, ಆಲ್‌ಮೋಸ್ಟ್ ಇವೆರಡೂ ಸಂಖ್ಯೆಯನ್ನು ಕೆಳಗಿನಿಂದ ಮಾತ್ರ ಮುಟ್ಟಲು ಹೋಗುತ್ತವೆ. ನಿಯರ್ಲಿ 500 ಎಂದರೆ 490 ಇರಬಹುದು, 497 ಇರಬಹುದು. 501 ಆಯಿತೆಂದರೆ ಆ ಮಾತು ತಪ್ಪು. ಜಸ್ಟ್ ಅಂಡರ್ ಕೂಡ ಇದೇ ಗುಂಪಿನದು, ಆದರೆ ಇನ್ನಷ್ಟು ಹತ್ತಿರ. ಮೇಲಿನ ಕಡೆಗೆ ಜಸ್ಟ್ ಓವರ್ ಇದೆ, ‘500-ಆಡ್’ ಇದೆ. ಈ ‘ಆಡ್’ ಹಿಂದಿನ ಅಡ್ಡಗೆರೆ ಬಿಡಬೇಡಿ. ಬಿಟ್ಟರೆ ವಿಚಿತ್ರವಾದ 500 ಚೀಲ ಎಂದು ಓದುವವರೂ ಇದ್ದಾರೆ. ಎರಡೂ ಕಡೆ ಜಾಗ ಬಿಡುವವು ಅಬೌಟ್, ಅರೌಂಡ್, ರಫ್ಲಿ, ಅಪ್ರಾಕ್ಸಿಮೇಟ್ಲಿ, ಮತ್ತು ಸಂಖ್ಯೆಯ ನಂತರ ಬರುವ ‘ಆರ್ ಸೋ’. ಇವುಗಳಲ್ಲಿ ಅಳೆದು ಅಥವಾ ಲೆಕ್ಕ ಹಾಕಿ ಬಂದ ಅಂಕಿಗೆ ಅಪ್ರಾಕ್ಸಿಮೇಟ್ಲಿ ಒಪ್ಪುತ್ತದೆ, ಕಣ್ಣಳತೆಯ ಅಂಕಿಗೆ ರಫ್ಲಿ. ಅಬೌಟ್ ಎಲ್ಲಿ ಬೇಕಾದರೂ ನಡೆಯುತ್ತದೆ. ‘ಬಾಲ್‌ಪಾರ್ಕ್ ಫಿಗರ್’ ಫೋನಿನ ಮಾತಿಗೆ ಸರಿ, ಕೊಟೇಶನ್ನಿನಲ್ಲಿ ಬೇಡ. ಅಪ್ ಟು ಎಂಬುದು ‘ಸುಮಾರು’ ಅಲ್ಲವೇ ಅಲ್ಲ, ಅದು ಮೇಲ್ಮಿತಿ. ‘ಅಪ್ ಟು 500’ ಎಂದು ಒಪ್ಪಿಕೊಂಡವರಿಗೆ 200 ಕಳಿಸಿದರೂ ಮಾತು ಸುಳ್ಳಾಗುವುದಿಲ್ಲ.

ಹಾಗಾಗಿ ಪದ ಆರಿಸುವ ಮೊದಲು, ನಿಮ್ಮ ಅಂಕಿ ಯಾವ ಕಡೆಗೆ ಜಾರಬಹುದು, ಎಷ್ಟು ಜಾರಬಹುದು ಎಂದು ಗೊತ್ತು ಮಾಡಿಕೊಳ್ಳಿ. ದುಡ್ಡು ಕೈ ಬದಲಾಯಿಸುವ ಕಾಗದವಾದರೆ ಆ ಜಾರಿಕೆಯನ್ನೂ ಅಂಕಿಯಲ್ಲೇ ಬರೆಯಿರಿ. ನಿಮಗೆ ಬೇಕಿದ್ದ ಸಾಲು ಇದು: ‘500 ಬ್ಯಾಗ್ಸ್, 2 ಪರ್ಸೆಂಟ್ ಮೋರ್ ಆರ್ ಲೆಸ್ ಅಟ್ ಸೆಲ್ಲರ್ಸ್ ಆಪ್ಷನ್’. ಆಗ 490ರಿಂದ 510ರವರೆಗೆ ಎಷ್ಟು ಕಳಿಸಿದರೂ ಕರಾರಿನ ಒಳಗೇ ಇರುತ್ತೀರಿ. ಕೊನೆಯ ಮೂರು ಪದ ಮುಖ್ಯ. ಅವಿಲ್ಲದಿದ್ದರೆ ಹೆಚ್ಚು ಕಡಿಮೆ ಮಾಡುವ ಹಕ್ಕು ಮಾರುವವರದೋ ಕೊಳ್ಳುವವರದೋ ಎಂಬ ಹೊಸ ಜಗಳ ಹುಟ್ಟುತ್ತದೆ.

ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ‘ಒಂದೈವತ್ತ ಚೀಲ ಅದಾವ್ರೀ’ ಎಂದರೆ ಹೆಚ್ಚು ಕಡಿಮೆ ಐವತ್ತು ಎಂದು ಎಲ್ಲರಿಗೂ ತಿಳಿಯುತ್ತದೆ. ಅದನ್ನೇ ಫೋನಿನಲ್ಲಿ ‘ವನ್ ಫಿಫ್ಟಿ’ ಮಾಡಿದರೆ ಆ ಕಡೆಯವರು 150 ಬರೆದುಕೊಳ್ಳುತ್ತಾರೆ. ‘ಫಿಫ್ಟಿ ಆರ್ ಸೋ’ ಅನ್ನಿ. ‘ಅಪ್ರಾಕ್ಸಿಮೇಟ್ಲಿ 51.37 ಕ್ವಿಂಟಲ್’ ಎಂದು ಬರೆಯುವ ರೂಢಿಯೂ ಬಿಡಬೇಕಾದ್ದು. ಕಿಲೋ ಮಟ್ಟಕ್ಕೆ ತೂಗಿದ ಅಂಕಿಗೆ ಅಂದಾಜಿನ ಪದ ಸೇರಿಸಿದರೆ ಓದುವವರು ಯಾವುದನ್ನು ನಂಬಬೇಕು? ತೂಗಿದ್ದರೆ 51.37 ಎಂದಷ್ಟೇ ಬರೆಯಿರಿ. ತೂಗಿಲ್ಲದಿದ್ದರೆ ‘ಅಬೌಟ್ 51’ ಸಾಕು. ‘ಅರೌಂಡ್ 40 ಟು 50’ ಕೂಡ ಹೀಗೆಯೇ. 40ರಿಂದ 50 ಎಂದ ಮೇಲೆ ಅಂದಾಜು ಅದರಲ್ಲೇ ಬಂತು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು, ಏಕೆಂದರೆ ದೊಡ್ಡ ನಷ್ಟ ಆಗುವುದು ಇಲ್ಲಿ. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಚಿಕ್ಕದಾಗಿ ಎಲ್‌ಸಿ: ಹೇಳಿದಂಥ ದಾಖಲೆ ಒಪ್ಪಿಸಿದರೆ ಮಾರುವವರಿಗೆ ಹಣ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವ ಭರವಸೆ) ಮೂಲಕ ವ್ಯವಹಾರ ಮಾಡಿದರೆ ಈ ಪದಗಳಿಗೆ ನಿಘಂಟಿನ ಅರ್ಥ ಉಳಿಯುವುದಿಲ್ಲ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600 ನಿಯಮಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಎಲ್‌ಸಿ ಆ ನಿಯಮಗಳಿಗೆ ಒಳಪಟ್ಟಿದ್ದರೆ ಅಬೌಟ್, ಅಪ್ರಾಕ್ಸಿಮೇಟ್ಲಿ ಎರಡಕ್ಕೂ ಅರ್ಥ ಒಂದೇ: ಶೇ 10 ಹೆಚ್ಚು ಅಥವಾ ಶೇ 10 ಕಡಿಮೆ, ಅದಕ್ಕಿಂತ ಆಚೆ ಇಲ್ಲ. ‘ಅಬೌಟ್ 25 ಟನ್’ ಎಂದಿದ್ದರೆ 22.5ರಿಂದ 27.5 ಟನ್‌ವರೆಗೆ ಕಳಿಸಬಹುದು. ಎಡವುವುದು ಇಲ್ಲೇ. ಆ ಪದ ಯಾವ ಅಂಕಿಯ ಮುಂದಿದೆಯೋ ಅದಕ್ಕಷ್ಟೇ ಸಡಿಲಿಕೆ ಸಿಗುತ್ತದೆ. ತೂಕದ ಮುಂದೆ ಅಬೌಟ್ ಇದ್ದು ಮೊತ್ತದ ಮುಂದೆ ಇಲ್ಲದಿದ್ದರೆ, 27 ಟನ್ ಕಳಿಸಿದರೂ ಎಲ್‌ಸಿಯಲ್ಲಿರುವ ಮೊತ್ತದ ಮೇಲೆ ಒಂದು ರೂಪಾಯಿ ಹೆಚ್ಚಿಗೆ ಸಿಗದು.

ಯಾವ ಪದವೂ ಇಲ್ಲದೆ ಬರೀ ‘25 ಟನ್’ ಎಂದಿದ್ದರೆ, ಒಟ್ಟು ಮೊತ್ತ ಮೀರದಂತೆ ತೂಕದಲ್ಲಿ ಶೇ 5ರಷ್ಟು ಹೆಚ್ಚು ಕಡಿಮೆಗೆ ನಿಯಮವೇ ಅವಕಾಶ ಕೊಡುತ್ತದೆ. ಚೀಲದ ಲೆಕ್ಕದಲ್ಲಿ ಬರೆದರೆ ಆ ಅವಕಾಶ ಹೋಗುತ್ತದೆ. 500 ಬ್ಯಾಗ್ಸ್ ಎಂದರೆ 500, 499 ಆದರೂ ಬ್ಯಾಂಕು ದಾಖಲೆ ವಾಪಸು ಮಾಡಬಹುದು. ತಾರೀಖಿಗೂ ಇಂಥದೇ ಕಟ್ಟು ಇದೆ. ‘ಆನ್ ಆರ್ ಅಬೌಟ್ 15 ಮಾರ್ಚ್’ ಎಂದರೆ ಮಾರ್ಚ್ 10ರಿಂದ 20, ಎರಡೂ ದಿನ ಸೇರಿ. ಸರಕು ಸಾಗಣೆಯ ವಿಷಯದಲ್ಲಿ ‘ಅಂಟಿಲ್ 15’ ಎಂದರೆ 15 ಸೇರುತ್ತದೆ, ‘ಬಿಫೋರ್ 15’ ಎಂದರೆ 14ಕ್ಕೇ ಮುಗಿಯಿತು. ಇನ್ನು ಪ್ರಾಂಪ್ಟ್, ಇಮೀಡಿಯಟ್ಲಿ, ಆ್ಯಸ್ ಸೂನ್ ಆ್ಯಸ್ ಪಾಸಿಬಲ್ ಇವನ್ನು ಬ್ಯಾಂಕು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವುಗಳ ಜಾಗದಲ್ಲಿ ತಾರೀಖು ಹಾಕಿಸಿ.

ತೇವಾಂಶದ ಅಂಕಿಗೆ ಬರೋಣ. ‘ಆ್ಯಕ್ಯುರೇಟ್ ಟು ವಿದಿನ್ 0.5 ಪರ್ಸೆಂಟೇಜ್ ಪಾಯಿಂಟ್’ ಎಂದು ಮೀಟರಿನ ಜೊತೆ ಬಂದ ಕಾಗದದಲ್ಲಿ ಇದೆ ಎಂದುಕೊಳ್ಳಿ. ಮೀಟರು 11.8 ತೋರಿಸಿದರೆ ನಿಜವಾದ ತೇವಾಂಶ 11.3ರಿಂದ 12.3ರವರೆಗೆ ಎಲ್ಲಿಯೂ ಇರಬಹುದು. ಆ ಅಂಕಿಯ ಬಲದ ಮೇಲೆ ‘ನಾಟ್ ಎಕ್ಸೀಡಿಂಗ್ 12 ಪರ್ಸೆಂಟ್’ ಎಂದು ಬರೆದುಕೊಟ್ಟರೆ, ಕೊಂಡವರ ಮೀಟರು 12.2 ತೋರಿಸಿದ ದಿನ ಲಾರಿ ತಿರುಗಿ ಬರುತ್ತದೆ. ಓದಿದ ಅಂಕಿ 11.5 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಆ ಮಾತು ಕೊಡಿ. ‘12’ ಮತ್ತು ‘12.0’ ಕೂಡ ಒಂದೇ ಅಲ್ಲ. ಮೊದಲನೆಯದು ‘ಟು ದ ನಿಯರೆಸ್ಟ್ ಪರ್ಸೆಂಟ್’, ಅಂದರೆ 11.5ರಿಂದ 12.5ರ ನಡುವೆ ಎಲ್ಲೋ. ಎರಡನೆಯದು ‘ಟು ಒನ್ ಡೆಸಿಮಲ್ ಪ್ಲೇಸ್’, 11.95ರಿಂದ 12.05ರ ನಡುವೆ. ಅಷ್ಟು ಸೂಕ್ಷ್ಮವಾಗಿ ಅಳೆಯದೆ ಆ ಸೊನ್ನೆ ಹಾಕಬಾರದು.

ಆ್ಯಕ್ಯುರೇಟ್, ಪ್ರಿಸೈಸ್ ಎರಡನ್ನೂ ಒಂದೇ ಎಂದು ಬರೆಯುವವರು ಬಹಳ. 50 ಕಿಲೋದ ಪಕ್ಕಾ ಬಟ್ಟನ್ನು ಮೂರು ಸಲ ಇಟ್ಟಾಗ ನಿಮ್ಮ ಕಾಟಾ 50.24, 50.24, 50.25 ತೋರಿಸಿದರೆ, ಅಂಕಿಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಅದು ಪ್ರಿಸೈಸ್, ಆದರೆ ನಿಜವಾದ ತೂಕಕ್ಕೆ ಹೊಂದದ್ದರಿಂದ ಆ್ಯಕ್ಯುರೇಟ್ ಅಲ್ಲ. 49.9, 50.1, 50.0 ತೋರಿಸಿದರೆ ಪ್ರಿಸಿಷನ್ ಕಡಿಮೆ, ಸರಾಸರಿ ಮಾತ್ರ ಸರಿ. ಮೊದಲ ಕಾಟಾದ ದೋಷ ಸುಲಭಕ್ಕೆ ಕಣ್ಣಿಗೆ ಬೀಳದು, ಪ್ರತಿ ಚೀಲದಲ್ಲೂ ಒಂದೇ ಥರ ತಪ್ಪುತ್ತ ಹೋಗುತ್ತದೆ.

ಅಂಗಡಿಯ ಪ್ಯಾಕೆಟ್ಟಿನ ಮೇಲಂತೂ ಅಂದಾಜಿನ ಪದಗಳ ಗೊಡವೆಯೇ ಬೇಡ. ಪೊಟ್ಟಣ ಕಟ್ಟಿದ ಸರಕಿನ 2011ರ ತೂಕ-ಅಳತೆ ನಿಯಮಗಳ ಪ್ರಕಾರ ನಿವ್ವಳ ತೂಕದ ಜೊತೆ ಅಬೌಟ್, ಅಪ್ರಾಕ್ಸಿಮೇಟ್ಲಿ, ಆ್ಯವರೇಜ್, ಮಿನಿಮಮ್ ಎಂದು ಬರೆಯುವಂತಿಲ್ಲ.

ಅಂಕಿಯಿಲ್ಲದ ಮಾತಿಗೂ ಇಂಗ್ಲಿಷಿನಲ್ಲಿ ನಿಖರತೆಯ ಮೆಟ್ಟಿಲುಗಳಿವೆ: ಬ್ರಾಡ್ಲಿ ಸ್ಪೀಕಿಂಗ್, ಮೋರ್ ಆರ್ ಲೆಸ್, ಸ್ಟ್ರಿಕ್ಟ್ಲಿ ಸ್ಪೀಕಿಂಗ್. ಬೀದರಿನ ಬಿದರಿ ಹೂದಾನಿಯನ್ನೇ ನೋಡಿ. ಬ್ರಾಡ್ಲಿ ಸ್ಪೀಕಿಂಗ್ ಅದನ್ನು ಬೆಳ್ಳಿ ಕುಸುರಿಯ ಕಲೆ ಎನ್ನಬಹುದು. ಸ್ಟ್ರಿಕ್ಟ್ಲಿ ಸ್ಪೀಕಿಂಗ್ ಅದು ಸತು ಮತ್ತು ತಾಮ್ರದ ಮಿಶ್ರಲೋಹ, ಬೆಳ್ಳಿ ಇರುವುದು ಮೈಮೇಲೆ ಕೂರಿಸಿದ ತಂತಿ, ತಗಡುಗಳಲ್ಲಿ ಮಾತ್ರ. ‘ಮೋರ್ ಆರ್ ಲೆಸ್ ಎ ಸಿಲ್ವರ್ ವಾಸ್’ ಎಂದು ಕ್ಯಾಟಲಾಗಿನಲ್ಲಿ ಹಾಕಿದರೆ ಗಿರಾಕಿಗೆ ತಪ್ಪು ತಿಳಿವಳಿಕೆ ಕೊಟ್ಟಂತೆ. ಯಾವ ಮೆತ್ತನೆಯ ಪದವೂ ಅದನ್ನು ಸರಿಮಾಡದು. ಲೋಹದ ಪ್ರಮಾಣವನ್ನು ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಎಂದು ಹೇಳುತ್ತಾರೆ. ಎರಕದಿಂದ ಎರಕಕ್ಕೆ ಅದು ತುಸು ಬದಲಾಗುವುದರಿಂದ ‘ಎಗ್ಸಾಕ್ಟ್ಲಿ’ ಬೇಡ, ‘ಅಬೌಟ್ 16 ಟು 1’ ಸರಿ. ‘ಟು ದ ಬೆಸ್ಟ್ ಆಫ್ ಅವರ್ ನಾಲೆಜ್’ ಎಂಬುದನ್ನು ನಿಮ್ಮ ಕೈಯಲ್ಲಿ ಪರೀಕ್ಷಿಸಲಾಗದ ಸಂಗತಿಗೆ, ಉದಾಹರಣೆಗೆ ತೊಗರಿ ಯಾವ ಊರಿನ ಹೊಲದ್ದು ಎಂಬುದಕ್ಕೆ, ಇಟ್ಟುಕೊಳ್ಳಿ. ಗಿರಣಿಯಲ್ಲೇ ತೂಗಿ ನೋಡಬಹುದಾದ ಚೀಲದ ಮುಂದೆ ಅದನ್ನು ಬರೆದರೆ, ನೀವು ತೂಗಿಲ್ಲ ಎಂದೇ ಕೊಳ್ಳುವವರು ಓದಿಕೊಳ್ಳುತ್ತಾರೆ.